ಶಾಲು ಬೇಡ ಎಂದ ಅಕ್ಕನ ಬೀಳ್ಕೊಡುಗೆ

ಹುಬ್ಬಳ್ಳಿಯ ಆಸ್ಪತ್ರೆಯೊಂದರ ಎನ್‌ಐಸಿಯುದಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ನಾನು ರೆಸ್ಪಿರೇಟರಿ ಥೆರಪಿಸ್ಟ್. ಅಂದರೆ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಉಸಿರು ನೋಡಿಕೊಳ್ಳುವವಳು. ಕಾಲೇಜಿಗಿಂತ ಜಾಸ್ತಿ ನನಗೆ ಕಲಿಸಿದ್ದು ನಮ್ಮ ಸೀನಿಯರ್ ಸಿಸ್ಟರ್. ಎಲ್ಲರಿಗೂ ಅವರು ಅಕ್ಕ. 31 ವರ್ಷದ ಹಿಂದೆ ಅವರು ಸೇರಿದಾಗ ನಮ್ಮ ಹುದ್ದೆಯ ಹೆಸರೇ ಇಲ್ಲಿ ಯಾರೂ ಕೇಳಿರಲಿಲ್ಲ. ನರ್ಸ್ ಆಗಿ ಬಂದವರು, ಮಷೀನ್ ಬಂದ ಹಾಗೆ ಮಷೀನ್ ಕಲಿತರು. ಅವರ ನಿವೃತ್ತಿ ಕಾರ್ಯಕ್ರಮ ನನ್ನ ತಲೆಗೆ ಬಿತ್ತು.

ಎಲ್ಲರೂ ಮಾಡುವುದನ್ನೇ ಯೋಚಿಸಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಅಕ್ಕ ನಕ್ಕರು.

“ಶಾಲು ಮನ್ಯಾಗ ಭಾಳ ಅದಾವವ್ವ. ಹುಬ್ಬಳ್ಳಿ ಬಿಸಲಾಗ ಹೊತ್ಕೊಂಡು ಎಲ್ಲಿ ಹೋಗ್ಲಿ?”

“ಹಂಗಾರ ಏನ್ ಮಾಡೂಣ್ರಿ ಅಕ್ಕಾ?”

“ನಂಗ ಗೊತ್ತಿರೂದು ಬರ್ಕೋ. ಹೊಸಾ ಹುಡುಗ್ಯಾರಿಗೆ ಬೇಕಾಕ್ಕತಿ.”

ಹಾಗಾಗಿ ನಾಲ್ಕು ಭಾನುವಾರ ಧಾರವಾಡದ ಅವರ ಮನೆಗೆ ಹೋದೆ. ಮೊದಲ ವಾರ ನೋಟ್‌ಬುಕ್ ಬಿಚ್ಚಿ “ಹೇಳ್ರಿ” ಅಂತ ಕೂತೆ. ಚಹಾ ಆಯಿತು, ಫೇಡೆ ಆಯಿತು, ಒಂದು ಸಾಲೂ ಆಗಲಿಲ್ಲ. ಕೈಯಲ್ಲಿರುವುದು ಕೇಳಿದ ತಕ್ಷಣ ಬಾಯಿಗೆ ಬರಲ್ಲ ಅಲ್ವಾ. ಮುಂದಿನ ವಾರ ಒಂದು ಗೊಂಬೆ, ಸಿಪ್ಯಾಪ್‌ನ ಪ್ರಾಂಗ್ಸ್ ತೆಗೆದುಕೊಂಡು ಹೋದೆ. ಸಿಪ್ಯಾಪ್ ಅಂದರೆ ಕೂಸಿಗೆ ಸದಾ ಒತ್ತಡದ ಗಾಳಿ ಕೊಡುವ ಸಾಧನ, ಪ್ರಾಂಗ್ಸ್ ಅಂದರೆ ಅದರಿಂದ ಮೂಗಿನ ಹೊಳ್ಳೆಗೆ ಇಡುವ ಪುಟ್ಟ ಜೋಡಿ ನಳಿಗೆ. ಗೊಂಬೆ ಕೈಗೆ ಬಂದದ್ದೇ ತಡ, ಅಕ್ಕ ನಿಲ್ಲಿಸಲೇ ಇಲ್ಲ.

ಪ್ರಾಂಗ್ಸ್ ಎರಡು ಹೊಳ್ಳೆಗಳ ನಡುವಿನ ಗೋಡೆಗೆ ತಾಗಬಾರದು, ಸ್ವಲ್ಪ ಸಂದು ಇರಬೇಕು. ತಾಗಿದರೆ ಗಾಯವಾಗುತ್ತದೆ. ಸಿಪ್ಯಾಪ್ ಬಾಟಲಿಯ ನೀರಿನಲ್ಲಿ ಗುಳ್ಳೆ ನಿಂತರೆ ಮೊದಲು ಗಾಳಿ ಎಲ್ಲಿ ಸೋರುತ್ತಿದೆ ನೋಡು. ಪ್ರಾಂಗ್ಸ್ ಜಾರಿರಬಹುದು, ಕೂಸು ಬಾಯಿ ತೆರೆದಿರಬಹುದು. ಉಸಿರು ಬಿಡುವಾಗ ಮುಲುಗುವ ಕೂಸು ತನ್ನ ಪುಪ್ಪುಸ ಮುಚ್ಚಿಕೊಳ್ಳದಂತೆ ತಾನೇ ಹಿಡಿದುಕೊಂಡಿರುತ್ತದೆ, ಬೇಗ ಸುಸ್ತಾಗುತ್ತದೆ, ಕಾಯಬೇಡ. ಇನ್ನು ಆಕ್ಸಿಜನ್. “ಮಾನಿಟರ್‌ದಾಗ ನೂರು ಕಂಡ್ರ ಖುಷಿ ಪಡಬ್ಯಾಡ.” ಆಕ್ಸಿಜನ್ ಕೊಡುವಾಗ ರಕ್ತದ ಆಕ್ಸಿಜನ್ ಮಟ್ಟ ಶೇ 90ರಿಂದ 95ರ ನಡುವೆ ಇಡಬೇಕು, ಜಾಸ್ತಿಯಾದರೆ ಕಣ್ಣಿನ ರೆಟಿನಾಕ್ಕೆ ಪೆಟ್ಟು. ಇದನ್ನು ನಾನೂ ಓದಿದ್ದೆ. ಆದರೆ ಅಕ್ಕ ಹೇಳುವಾಗ ಅವರ ಕೈ ತಾನಾಗಿಯೇ ಇಲ್ಲದ ನಾಬ್ ತಿರುಗಿಸುತ್ತಿತ್ತು.

ಭಾಷಣವೂ ನನ್ನದೇ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಗಂಡು ಕೂಸು ಎರಡು ಕೆ.ಜಿ.ಗಿಂತ ತುಸು ಜಾಸ್ತಿ ಇದ್ದೂ ಉಸಿರಾಟದ ತೊಂದರೆಯಿಂದ 39 ತಾಸಿಗೆ ತೀರಿಕೊಂಡಿತು. 1971ರಲ್ಲಿ ಗ್ರೆಗರಿ ಎಂಬ ವೈದ್ಯರು ಕೂಸುಗಳಿಗೆ ಸಿಪ್ಯಾಪ್ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಇಷ್ಟು ಓದಿ ತೋರಿಸಿದೆ. “ಅಮೇರಿಕಾ ಸಾಕು, ಹುಬ್ಬಳ್ಳಿಗೆ ಬಾ” ಅಂದರು. ಎರಡು ಪುಟ ಎರಡು ಸಾಲಾಯಿತು.

ಅಕ್ಕ ನೋಡಿಕೊಂಡ ಕೂಸುಗಳ ತಂದೆತಾಯಿಗಳನ್ನು ಕರೆಯಲು ಆಸ್ಪತ್ರೆಯ ದಾಖಲೆಯಿಂದ ನಂಬರ್ ತೆಗೆಯಲಿಲ್ಲ, ಅದು ತಪ್ಪು. ಒಪಿಡಿ ಬೋರ್ಡಿಗೆ ಒಂದು ಚೀಟಿ ಅಂಟಿಸಿದೆ. ಬಾಯಿಂದ ಬಾಯಿಗೆ ಸುದ್ದಿ ಹೋಗಿ 14 ಮನೆಯವರು ಬಂದರು. ಹಾವೇರಿಯಿಂದ ಬಂದ ಹುಡುಗ ಈಗ ಪಿಯುಸಿ. ಕೆಮ್ಮು ನೆಗಡಿಯ ಮಕ್ಕಳನ್ನು ಎನ್‌ಐಸಿಯು ಹತ್ತಿರ ಬಿಡಲಾಗದು, ಹಾಗಾಗಿ ಕೆಳಗಿನ ಮಹಡಿಯ ಪ್ಯಾಸೇಜಿನಲ್ಲೇ ಕುರ್ಚಿ ಹಾಕಿದೆವು.

ನನ್ನ ತಪ್ಪು ಅಲ್ಲಿ ಗೊತ್ತಾಯಿತು. “ಅಕ್ಕ ಉಳಿಸಿದ ಕೂಸುಗಳು” ಅಂತ ಬ್ಯಾನರ್ ಮಾಡಿಸಿದ್ದೆ. ಬಾಗಿಲಲ್ಲಿ ಒಬ್ಬ ತಾಯಿ ಒಂಟಿಯಾಗಿ ನಿಂತಿದ್ದರು. ಅವರ ಕೂಸು ಉಳಿದಿರಲಿಲ್ಲ. ಅಕ್ಕ ನನ್ನ ಕಿವಿಯಲ್ಲಿ “ಅದನ್ನ ಮಡಚು” ಅಂದು, ಹೋಗಿ ಆಕೆಯ ಕೈ ಹಿಡಿದು ತಮ್ಮ ಪಕ್ಕ ಕೂರಿಸಿಕೊಂಡರು. ನಾನು ಬ್ಯಾನರ್ ಸುತ್ತಿ ಮೇಜಿನ ಕೆಳಗೆ ತಳ್ಳಿದೆ.

ಮೇಜಿನ ಮೇಲೆ ಅಕ್ಕನ ಮೊದಲ ದಿನಗಳ ಬಬಲ್ ಸಿಪ್ಯಾಪ್ ಇಟ್ಟಿದ್ದೆ. ಬಾಟಲಿ, ನೀರು, ಗುರುತು ಹಾಕಿದ ನಳಿಗೆ. ನಳಿಗೆ ನೀರಲ್ಲಿ ಎಷ್ಟು ಸೆಂಟಿಮೀಟರ್ ಮುಳುಗಿದೆಯೋ ಅಷ್ಟು ಒತ್ತಡ, ಅಷ್ಟೇ ವಿದ್ಯೆ. ಪಿಯುಸಿ ಹುಡುಗ ಊದಿ ನೋಡಿದ. ಮಕ್ಕಳೆಲ್ಲ ನನಗೆ ನನಗೆ ಅಂತ ಮುಗಿಬಿದ್ದರು, ಪ್ರತಿಯೊಬ್ಬರಿಗೂ ನಳಿಗೆ ಬದಲಿಸಿ ಸಾಕಾಯಿತು.

ಭಾಷಣಕ್ಕೆ ಮೈಕ್ ಹಿಡಿದೆ. ಅಕ್ಕ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಎದ್ದು ಬಂದು ಬಾಟಲಿ ಮುಂದೆ ಬಗ್ಗಿದರು.

“ಐದೂವರಿ ಐತಲ್ಲೇ” ಅಂದು, ಅರ್ಧ ಸೆಂಟಿಮೀಟರ್ ನೀರನ್ನು ಚಹಾ ಕಪ್ಪಿಗೆ ಸುರಿದರು.