ಅಣುತ್ಯಾಜ್ಯ ಸಂಗ್ರಹಾಗಾರ ಬರುವ ಮುನ್ನ ಊರು ಅಳೆದಿಟ್ಟುಕೊಳ್ಳಬೇಕಾದ್ದು

2012ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದ್ದಾಗ ಕೆಜಿಎಫ್‌ನ ಹಳೇ ಚಿನ್ನದ ಗಣಿಗೆ ಅಲ್ಲಿನ ಅಣುತ್ಯಾಜ್ಯ ಬರುತ್ತದೆಂಬ ಸುದ್ದಿ ಎದ್ದು ಕೋಲಾರ ಜಿಲ್ಲೆ ಬೀದಿಗಿಳಿಯಿತು. ಅಂಥ ಯೋಜನೆಯಿಲ್ಲ ಎಂದು ಕೇಂದ್ರ ಹೇಳಿತು. ಒಂದು ವೇಳೆ ಬಂದಿದ್ದರೆ ಪಂಚಾಯಿತಿಗಳು ಏನು ಮಾಡಬೇಕಿತ್ತು? ಕೋಲಾರವನ್ನೇ ಇಟ್ಟುಕೊಂಡು ನೋಡೋಣ.

ಮೊದಲು ನೀರು. ಅಲ್ಲಿನ ಹಲವು ಕೊಳವೆಬಾವಿಗಳಲ್ಲಿ ಬಂಡೆಯಿಂದಲೇ ಬಂದ ಯುರೇನಿಯಂ ಇದೆ, ಕೆಲವೆಡೆ ಕುಡಿಯುವ ನೀರಿಗಿರುವ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನೂ ಮೀರಿ. ಮುಂಚೆ ಅಳೆದಿರದಿದ್ದರೆ, ನಾಳೆ ಸೋರಿದರೂ ‘ಇದು ನಿಮ್ಮ ಬಂಡೆಯದು’ ಎಂಬ ಉತ್ತರ ಸಿಗುತ್ತದೆ. ಸೋರದಿದ್ದರೂ ಊರು ಹೆದರಿ ಸಾಯುತ್ತದೆ. ಅವೇ ಬಾವಿಗಳಿಂದ ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಎರಡು ವರ್ಷ ಮಾದರಿ ತೆಗೆಯಿರಿ. ಬಾವಿಯ ಆಳ ಬರೆದಿಡಿ. ಮೋಟಾರು ಹಾಕಿದ ತಕ್ಷಣ ಹಿಡಿಯಬೇಡಿ, ಪೈಪಿನಲ್ಲಿ ನಿಂತ ನೀರು ಹರಿದುಹೋಗಲಿ. ಯುರೇನಿಯಂ ಮಾದರಿಗೆ ಪ್ಲಾಸ್ಟಿಕ್ ಬಾಟಲಿ. ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲವನ್ನು ಪ್ರಯೋಗಾಲಯದವರೇ ಹಾಕಲಿ. ಹಾಕದಿದ್ದರೆ ಲೋಹ ಬಾಟಲಿಯ ಒಳಮೈಗೆ ಅಂಟಿ ಫಲಿತಾಂಶ ಕಡಿಮೆ ಬರುತ್ತದೆ. ಟ್ರಿಟಿಯಂ (ಜಲಜನಕದ ವಿಕಿರಣಶೀಲ ರೂಪ) ಮಾದರಿಗೆ ಆಮ್ಲ ಬೇಡ. ಗಾಳಿ ಉಳಿಯದಂತೆ ಕಂಠದವರೆಗೆ ತುಂಬಿಸಿ.

ಜನ ಮರೆಯುವುದು ಮಾರುಕಟ್ಟೆ. ವಿಕಿರಣ ಒಂದಿಷ್ಟೂ ಇಲ್ಲದೆಯೂ ‘ಅಣುತ್ಯಾಜ್ಯದ ಊರಿನ ಟೊಮೆಟೊ’ ಎಂಬ ಹೆಸರೇ ದರ ಇಳಿಸಬಲ್ಲದು. ಕೋಲಾರದ ದರವೊಂದನ್ನೇ ಬರೆದಿಟ್ಟರೆ ಪ್ರಯೋಜನವಿಲ್ಲ, ಟೊಮೆಟೊ ದರ ತಾನಾಗಿಯೇ ಕುಣಿಯುತ್ತದೆ. ಅದೇ ದಿನದ ಆಂಧ್ರದ ಮದನಪಲ್ಲಿ ಮಂಡಿಯ ದರವನ್ನೂ ಪಕ್ಕದಲ್ಲಿ ಬರೆಯಿರಿ. ಎರಡರ ನಡುವಿನ ಅಂತರ ಎಷ್ಟು ಬದಲಾಯಿತೆಂಬುದೇ ಸಾಕ್ಷಿ. ಹಾಲು, ಜಮೀನಿನ ದರಕ್ಕೂ ಇದೇ ಕ್ರಮ.

ಕಾಯಿಲೆಯ ಲೆಕ್ಕವನ್ನು ಒಂದು ಹಳ್ಳಿಗೆ ಸೀಮಿತ ಮಾಡಬೇಡಿ. ಎರಡು ಸಾವಿರ ಜನರಲ್ಲಿ ಒಂದೆರಡು ಕ್ಯಾನ್ಸರ್ ಪ್ರಕರಣ ಹೆಚ್ಚಾದರೂ ದುಪ್ಪಟ್ಟಾದಂತೆ ಕಾಣುತ್ತದೆ. ತಾಲ್ಲೂಕಿನ ಅಂಕಿ ಬೇಕು, ವಯಸ್ಸಿನ ಗುಂಪುವಾರು. ಉದ್ಯೋಗದ ಭರವಸೆ ಕಿವಿಗೆ ಬಿದ್ದಾಗ ಕಟ್ಟುವಾಗ ಎಷ್ಟು, ನಡೆಸುವಾಗ ಎಷ್ಟು ಎಂದು ವರ್ಷವಾರು ಪಟ್ಟಿ ಕೇಳಿ.

ಫಿನ್ಲೆಂಡಿನ ಎವುರಾಯೋಕಿಯಲ್ಲಿ ಪಟ್ಟಣ ಪರಿಷತ್ತು ಬೇಡವೆಂದಿದ್ದರೆ ಅಣುತ್ಯಾಜ್ಯ ಸಂಗ್ರಹಾಗಾರದ ಯೋಜನೆ ಅಲ್ಲಿಗೇ ನಿಲ್ಲುತ್ತಿತ್ತು. 2000ದಲ್ಲಿ 20–7 ಮತಗಳಿಂದ ಒಪ್ಪಿತು. ನಮ್ಮಲ್ಲಿ ಪಂಚಾಯಿತಿಗೆ ಅಂಥ ತಡೆಯಧಿಕಾರವಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ನಡೆಯುವುದಾದರೆ ಅದಕ್ಕೆ ಕನಿಷ್ಠ 30 ದಿನ ಮುಂಚೆ ಸೂಚನೆ ಬರುತ್ತದೆ, ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗುತ್ತದೆ. ಆ 30 ದಿನದಲ್ಲಿ ಎರಡು ವರ್ಷದ ನೀರಿನ ಅಂಕಿ ಹುಟ್ಟುವುದಿಲ್ಲ. ಸುದ್ದಿ ಗಾಳಿಯಲ್ಲಿದ್ದಾಗಲೇ ಬಾಟಲಿ ಹಿಡಿಯಬೇಕು. ಅಹವಾಲಿನಲ್ಲಿ ಭಾಷಣಕ್ಕಿಂತ ಲಿಖಿತ ಆಕ್ಷೇಪ ಮೇಲು: ಅಂಕಿಗಳ ಪಟ್ಟಿ ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.