ಶೇಕ್‌ದಾರ್ ಮುತ್ತಜ್ಜನನ್ನು ಹುಡುಕಿದ ದಾರಿ

‘ಮುತ್ತಜ್ಜ ಅಮಲ್ದಾರರಾಗಿದ್ದರು’ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಆ ಮಾತು ನಂಬಿ ಎರಡು ವರ್ಷ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಗೊತ್ತಾಯಿತು, ಅವರು ಶೇಕ್‌ದಾರರು.

ಅದಕ್ಕೇ ಮೊದಲು ಹುದ್ದೆ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಹಳೇ ಮೈಸೂರು ಸೀಮೆಯಲ್ಲಿ ಊರಿನ ಕಂದಾಯ ವಸೂಲಿ ಪಟೇಲರದು, ಲೆಕ್ಕ ಶಾನುಭೋಗರದು. ಹೋಬಳಿಗೆ ಶೇಕ್‌ದಾರರು, ತಾಲ್ಲೂಕಿಗೆ ಅಮಲ್ದಾರರು. ಶಾನುಭೋಗಿಕೆ, ಪಟೇಲಿಕೆ ವಂಶದಲ್ಲೇ ಬರುತ್ತಿದ್ದವು, ಅವರು ಊರು ಬಿಡುತ್ತಿರಲಿಲ್ಲ. ಶೇಕ್‌ದಾರರಿಗೂ ಅಮಲ್ದಾರರಿಗೂ ಮಾತ್ರ ವರ್ಗ ಆಗುತ್ತಿತ್ತು.

ವರ್ಗ ಆದ ಊರುಗಳನ್ನು ಹಿಡಿಯೋಕೆ ಮಕ್ಕಳ ಜಾತಕ ನೋಡಿ. ನನಗೆ ದಾರಿ ತೋರಿಸಿದ್ದು ಅದೇ. ನಮ್ಮಜ್ಜಿ ಹುಟ್ಟಿದ್ದು ತುರುವೇಕೆರೆಯಲ್ಲಿ, ಶೋಭಕೃತ್ ಸಂವತ್ಸರ. ಅವರ ತಮ್ಮ ಹುಟ್ಟಿದ್ದು ಕಡೂರಿನಲ್ಲಿ, ಕೀಲಕ ಸಂವತ್ಸರ. ಅಂದ್ರೆ 1903–04 ಮತ್ತು 1908–09. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತೆ, ಲೆಕ್ಕ ಹಾಕುವಾಗ ಒಂದು ಸುತ್ತು ತಪ್ಪಬಾರದು. ಆದರೆ ಚೊಚ್ಚಲು ಹೆರಿಗೆ ತವರಿನಲ್ಲಿ ಆಗಿರಬಹುದು ಅಲ್ವಾ? ಅದನ್ನೂ ಮನೆಯ ಹಿರಿಯರ ಹತ್ತಿರ ಕೇಳಿ.

ಊರು, ವರ್ಷ ಕೈಗೆ ಬಂದ ಮೇಲೆ ಕಾಗದ ಹುಡುಕಿ. ಅಮಲ್ದಾರರಾಗಿದ್ದರೆ ಮೈಸೂರು ಗೆಜೆಟ್ ತೆಗೆಯಿರಿ. 1866ರಿಂದ ಪ್ರಕಟವಾಗುತ್ತಿದ್ದ ಅದರಲ್ಲಿ ಅಧಿಕಾರಿಗಳ ನೇಮಕ, ವರ್ಗ, ರಜೆ ಎಲ್ಲಾ ಬರುತ್ತಿದ್ದವು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೇಳಿ. ಒಂದು ವಿಷಯ ನೆನಪಿರಲಿ: ಹಳೇ ಇಂಗ್ಲಿಷ್ ಕಾಗದಗಳಲ್ಲಿ ‘ರಾವ್’ ಅನ್ನೋದನ್ನು ಆರ್‌, ಓ, ಡಬ್ಲ್ಯೂ ಅಂತ ಬರೆದಿರುತ್ತಾರೆ. ನಾನು ಆರ್‌, ಎ, ಓ ಅಂತಷ್ಟೇ ನೋಡುತ್ತಾ ಎಷ್ಟೋ ಪುಟ ಸುಮ್ನೆ ದಾಟಿಬಿಟ್ಟಿದ್ದೆ.

ಕೆಳಗಿನ ಹುದ್ದೆಯವರಾದರೆ ಊರಿನ ಲೆಕ್ಕದಲ್ಲೇ ಸಿಗೋದು ಜಾಸ್ತಿ. ಖಿರ್ದಿ (ದಿನದಿನದ ಜಮಾ-ಖರ್ಚಿನ ಲೆಕ್ಕ), ಜಮಾಬಂದಿ (ವರ್ಷದ ಕಂದಾಯದ ಲೆಕ್ಕ) ಪುಸ್ತಕಗಳನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಿ. ಅರ್ಜಿಯಲ್ಲಿ ಊರು, ಹೋಬಳಿ, ವರ್ಷ ಬರೆಯಿರಿ; ಬರೀ ಹೆಸರು ಕೊಟ್ಟರೆ ಯಾರೂ ಹುಡುಕಿಕೊಡೋಕಾಗಲ್ಲ. ಒಂದು ಕಚೇರಿಯಲ್ಲಿ ‘ಗೆದ್ದಲು ತಿಂದಿದೆ’ ಎಂದು ನನ್ನನ್ನು ವಾಪಸ್ ಕಳಿಸಿದರು. ಆಮೇಲೆ ಹಳೇ ಶಾನುಭೋಗರ ಮನೆಗೆ ಹೋದೆ. ವಂಶಪಾರಂಪರ್ಯ ಹುದ್ದೆಗಳು 1963ರಲ್ಲಿ ರದ್ದಾದರೂ ಆ ಮನೆಯ ಅಟ್ಟದಲ್ಲಿ ಒಂದು ಖಿರ್ದಿ ಉಳಿದಿತ್ತು. ಕಂದಾಯದ ಕಿಸ್ತಿನ (ಕಂತಿನ) ಮೊತ್ತದ ಕೆಳಗೆ ಕಂದು ತಿರುಗಿದ ಮಸಿಯಲ್ಲಿ ಮುತ್ತಜ್ಜನ ರುಜು, ಪಕ್ಕದಲ್ಲಿ ‘ಶೇ.’ ಅಂತ ಒಂದೇ ಅಕ್ಷರ. ನೋಡಿ ನನ್ನ ಕೈ ನಡುಗಿತು.

ಇಂಥ ಪುಸ್ತಕ ಸಿಕ್ಕರೆ ರುಜು ಇರುವ ಭಾಗ ಮಾತ್ರ ಫೋಟೋ ತೆಗೆಯಬೇಡಿ. ಇಡೀ ಪುಟ, ಜೊತೆಗೆ ರಟ್ಟು, ಎರಡನ್ನೂ ತೆಗೆಯಿರಿ. ಊರು, ವರ್ಷ ಇರೋದು ಅಲ್ಲೇ.

ಧಾರವಾಡ, ಬೆಳಗಾವಿ ಕಡೆಯವರು ಅಮಲ್ದಾರ, ಶಾನುಭೋಗರ ಬದಲು ಮಾಮಲೇದಾರ, ಕುಲಕರ್ಣಿ ಎಂಬ ಹೆಸರುಗಳಲ್ಲಿ ಹುಡುಕಬೇಕು. ಅಲ್ಲಿ ಮೋಡಿ ಲಿಪಿ (ಮರಾಠಿಯ ಹಳೇ ಕೂಡುಬರಹ) ಓದುವವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆದ್ದರಿಂದ ಚೆನ್ನೈನ ಎಗ್ಮೋರ್‌ನಲ್ಲಿರುವ ಪತ್ರಾಗಾರಕ್ಕೂ ಒಂದು ಪತ್ರ ಹಾಕಿ.