ಬೆಳೆದದ್ದೆಲ್ಲ ರೋಗವಲ್ಲ: ಕಲ್ಚರ್ ಪ್ಲೇಟುಗಳ ಮುಂದೆ ನನ್ನ ಅನುಭವ

ಮಂಗಳೂರಿನ ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಪ್ರಯೋಗಾಲಯದಲ್ಲಿ ನನ್ನ ಕೆಲಸದ ಬಹುಭಾಗವೆಂದರೆ ಹಿಂದಿನ ದಿನ ಹಾಕಿಟ್ಟ ಕಲ್ಚರ್ ಪ್ಲೇಟುಗಳನ್ನು (ಬ್ಯಾಕ್ಟೀರಿಯಾಗಳನ್ನು ಬೆಳೆಸುವ ತಟ್ಟೆಗಳನ್ನು) ಓದಿ ರಿಪೋರ್ಟ್ ಬರೆಯುವುದು. ಮೂತ್ರ, ಕಫ, ಕೀವು, ಗಂಟಲಿನ ಸ್ವಾಬ್ ಇತ್ಯಾದಿ ಸ್ಯಾಂಪಲ್‌ಗಳನ್ನು ಹಾಕಿದ ಪ್ಲೇಟುಗಳು ರಾತ್ರಿಯಿಡೀ 37 ಡಿಗ್ರಿ ಉಷ್ಣತೆಯ ಇನ್‌ಕ್ಯುಬೇಟರಿನಲ್ಲಿದ್ದು ಬೆಳಿಗ್ಗೆ ಹೊರಬಂದಾಗ, ಅವುಗಳಲ್ಲಿ ಬಹಳಷ್ಟರ ಮೇಲೆ ಏನಾದರೊಂದು ಬೆಳೆದೇ ಇರುತ್ತದೆ. ಅದು ಸಹಜವೇ ಸರಿ. 2016ರಲ್ಲಿ ಇಸ್ರೇಲ್ ಮತ್ತು ಕೆನಡಾದ ಸಂಶೋಧಕರು ಪ್ರಕಟಿಸಿದ ಲೆಕ್ಕದ ಪ್ರಕಾರ 70 ಕಿಲೋ ತೂಕದ ಗಂಡಸಿನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಸ್ವಂತ ಜೀವಕೋಶಗಳಿದ್ದರೆ, ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ ಇವೆ. ಅವುಗಳ ಒಟ್ಟು ತೂಕ 200 ಗ್ರಾಮಿನಷ್ಟು. (ಬ್ಯಾಕ್ಟೀರಿಯಾಗಳು ಹತ್ತು ಪಟ್ಟು ಹೆಚ್ಚು ಎಂದು ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಈ ಲೆಕ್ಕದೊಂದಿಗೆ ಬಿದ್ದುಹೋಯಿತು.) ಆದ್ದರಿಂದ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಎಂದು ಹೇಳುವುದು ಸುಲಭ, ಸಿಕ್ಕಿದ್ದು ಆ ಜಾಗದಲ್ಲಿ, ಅಷ್ಟು ಸಂಖ್ಯೆಯಲ್ಲಿ ಇರತಕ್ಕದ್ದೇ ಎಂದು ತೀರ್ಮಾನಿಸುವುದು ಕಷ್ಟ. ಆ ತೀರ್ಮಾನವನ್ನು ನಾನು ದಿನನಿತ್ಯ ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮಗೆ ಅತಿ ಹೆಚ್ಚು ಬರುವ ಸ್ಯಾಂಪಲ್ ಮೂತ್ರ, ಅದರಲ್ಲಿ ಅತಿ ಹೆಚ್ಚು ಬೆಳೆಯುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಮಕ್ಕಳ ವೈದ್ಯರಾಗಿದ್ದ ಥಿಯೋಡೋರ್ ಎಶೆರಿಕ್ 1885ರಲ್ಲಿ ಇದನ್ನು ಶಿಶುಗಳ ಮಲದಲ್ಲಿ ಗುರುತಿಸಿ ವಿವರಿಸಿದರು. ಕರುಳಿನಲ್ಲಿರುವ ಒಟ್ಟು ಬ್ಯಾಕ್ಟೀರಿಯಾಗಳಲ್ಲಿ ಇದರ ಪಾಲು ಸಾಮಾನ್ಯವಾಗಿ ಶೇಕಡಾ 1ಕ್ಕಿಂತಲೂ ಕಡಿಮೆ, ಮತ್ತು ಅಲ್ಲಿರುವಷ್ಟು ಕಾಲ ಇದರ ಹೆಚ್ಚಿನ ತಳಿಗಳಿಂದ ನಮಗೆ ಉಪದ್ರವಿಲ್ಲ. ಅದೇ ಬ್ಯಾಕ್ಟೀರಿಯಾ ಮೂತ್ರನಾಳದ ಮೂಲಕ ಹತ್ತಿ ಮೂತ್ರಕೋಶಕ್ಕೆ ಹೋದರೆ ಉರಿಮೂತ್ರ ಬರುತ್ತದೆ, ಮೂತ್ರಪಿಂಡಕ್ಕೆ ಏರಿದರೆ ಚಳಿಜ್ವರ ಬರುತ್ತದೆ, ರಕ್ತಕ್ಕೆ ಇಳಿದರೆ ಜೀವಕ್ಕೇ ಅಪಾಯವಾಗುತ್ತದೆ. ಎಲ್ಲಿಂದ ತೆಗೆದರೂ ಮ್ಯಾಕಾಂಕಿ ಎಂಬ ಬಗೆಯ ಪ್ಲೇಟಿನ ಮೇಲೆ ಅದು ಗುಲಾಬಿ ಬಣ್ಣದ, ಚಪ್ಪಟೆಯಾದ ಅದೇ ಕಾಲನಿಯನ್ನು (ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾಗಳ ಗುಂಪನ್ನು) ಕಟ್ಟುತ್ತದೆ. ಪ್ಲೇಟು ನೋಡಿದ ಮಾತ್ರಕ್ಕೆ ಅದು ರೋಗ ತಂದದ್ದೋ ಅಲ್ಲವೋ ಎಂದು ಗೊತ್ತಾಗುವುದಿಲ್ಲ.

ಹಾಗಾಗಿ ನಾನು ಮೊದಲು ಕಾಲನಿಗಳ ಸಂಖ್ಯೆಯನ್ನು ನೋಡುತ್ತೇನೆ. ಮೂತ್ರವನ್ನು ಪ್ಲೇಟಿಗೆ ಹಾಕುವ ಲೂಪ್ ಒಂದು ಮಿಲಿಲೀಟರಿನ ಸಾವಿರದ ಒಂದು ಪಾಲನ್ನು ಮಾತ್ರ ಎತ್ತುತ್ತದೆ. ಆದ್ದರಿಂದ ಪ್ಲೇಟಿನ ಮೇಲಿನ ಒಂದೊಂದು ಕಾಲನಿಯೂ ಮಿಲಿಲೀಟರಿಗೆ ಸಾವಿರ ಬ್ಯಾಕ್ಟೀರಿಯಾಗಳ ಲೆಕ್ಕ, ನೂರು ಕಾಲನಿಗಳಿದ್ದರೆ ಒಂದು ಲಕ್ಷ. ರಿಪೋರ್ಟ್‌ಗಳಲ್ಲಿ ಕಾಣುವ ‘ಒಂದು ಲಕ್ಷಕ್ಕಿಂತ ಹೆಚ್ಚು’ ಎಂಬ ಗೆರೆ ಅಮೆರಿಕದ ಎಡ್ವರ್ಡ್ ಕಾಸ್ ಅವರ 1950ರ ದಶಕದ ಅಧ್ಯಯನಗಳಿಂದ ಬಂದದ್ದು. ಅದನ್ನು ಕಲ್ಲಿನಲ್ಲಿ ಕೆತ್ತಿದ ಗೆರೆಯೆಂದು ತಿಳಿಯಬಾರದು: ಉರಿ, ಪದೇ ಪದೇ ಹೋಗಬೇಕೆನ್ನಿಸುವುದು ಮುಂತಾದ ತೊಂದರೆಗಳಿರುವ ಹೆಣ್ಣುಮಕ್ಕಳಲ್ಲಿ ಸಾವಿರದಷ್ಟು ಇ. ಕೋಲಿ ಇದ್ದರೂ ಅದು ನಿಜವಾದ ಸೋಂಕೇ ಆಗಿರಬಹುದು. ಎರಡನೆಯದಾಗಿ, ಒಂದೇ ಬಗೆಯ ಕಾಲನಿಗಳಿವೆಯೇ ಅಥವಾ ಮೂರ್ನಾಲ್ಕು ಬಗೆಯವು ಕಲಸಿಕೊಂಡಿವೆಯೇ ಎಂದು ನೋಡಬೇಕು. ಕಲಬೆರಕೆಯಾಗಿದ್ದರೆ ಅದೇ ಮೂತ್ರದ ಹನಿಯನ್ನು ಸ್ಲೈಡಿನ ಮೇಲೆ ನೋಡಿದ ಟಿಪ್ಪಣಿಗೆ ಹಿಂತಿರುಗುತ್ತೇನೆ. ಪಸ್ ಸೆಲ್‌ಗಳು (ಕೀವಿನ ಕೋಶಗಳು) ವಿರಳವಾಗಿದ್ದು, ಅಗಲವಾದ ಎಪಿಥೀಲಿಯಲ್ ಸೆಲ್‌ಗಳು ತುಂಬಿಕೊಂಡಿದ್ದರೆ ಅವು ಹೊರಗಿನ ಚರ್ಮದಿಂದ ತೊಳೆದುಬಂದವು. ಅವುಗಳ ಜೊತೆಗೆ ಅಲ್ಲಿನ ಬ್ಯಾಕ್ಟೀರಿಯಾಗಳೂ ಬಂದಿವೆ ಎಂದೇ ಅರ್ಥ. ಅಂಥ ಪ್ಲೇಟಿಗೆ ನಾವು ಸೆನ್ಸಿಟಿವಿಟಿ (ಯಾವ ಆಂಟಿಬಯೋಟಿಕ್ ನಾಟುತ್ತದೆಂಬ ಪರೀಕ್ಷೆ) ಹಾಕುವುದಿಲ್ಲ, ಹೊಸ ಸ್ಯಾಂಪಲ್ ಕೇಳುತ್ತೇವೆ.

ಕರಾವಳಿಯ ಸೆಕೆಯೂ ನಮ್ಮ ಲೆಕ್ಕವನ್ನು ಕೆಡಿಸುತ್ತದೆ. ಅನುಕೂಲಕರ ಪರಿಸ್ಥಿತಿಯಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಪುತ್ತೂರು, ಬೆಳ್ತಂಗಡಿ ಕಡೆಯ ಸಂಗ್ರಹ ಕೇಂದ್ರದಿಂದ ಐಸ್ ಇಲ್ಲದ ಡಬ್ಬಿಯಲ್ಲಿ ಬಸ್ಸಿನಲ್ಲಿ ಬರುವ ಮೂತ್ರದಲ್ಲಿ, ಹೊರಡುವಾಗ ಇದ್ದ ನಾಲ್ಕಾರು ಬ್ಯಾಕ್ಟೀರಿಯಾಗಳು ಪ್ರಯೋಗಾಲಯ ತಲಪುವ ಹೊತ್ತಿಗೆ ಸೋಂಕಿನ ಮಟ್ಟಕ್ಕೆ ಬೆಳೆದಿರಬಹುದು. ಎರಡು ಗಂಟೆಯೊಳಗೆ ತಲಪಿಸಬೇಕು, ಇಲ್ಲವಾದರೆ ಫ್ರಿಜ್ಜಿನ ತಂಪಿನಲ್ಲಿಟ್ಟು ತರಬೇಕು ಎಂಬುದನ್ನು ಈಗ ಕೇಂದ್ರಗಳ ಗೋಡೆಗೇ ಅಂಟಿಸಿದ್ದೇವೆ. ಮೊದಲ ಧಾರೆಯನ್ನು ಬಿಟ್ಟು ನಡುವಿನದ್ದನ್ನು ಹಿಡಿಯಬೇಕೆಂಬ ಸೂಚನೆ ಕನ್ನಡದಲ್ಲಿ ಅಚ್ಚಾಗಿದ್ದರೂ, ಟೆಕ್ನಿಷಿಯನ್‌ಗಳು ಅದನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಬಾಯಿಬಿಟ್ಟು ಹೇಳಿದ ದಿನಗಳಲ್ಲಿ ಕಲಬೆರಕೆ ಪ್ಲೇಟುಗಳು ಕಡಿಮೆ ಬರುವುದನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ಸರಿಯಿದ್ದು, ಒಂದೇ ಬಗೆಯ ಇ. ಕೋಲಿ ಲಕ್ಷಕ್ಕೂ ಹೆಚ್ಚು ಬೆಳೆದಿದ್ದರೂ ಅದು ರೋಗವಾಗಬೇಕೆಂದಿಲ್ಲ. ಉಡುಪಿ ಕಡೆಯ ಒಬ್ಬರು ತಾಯಿಯ ರಿಪೋರ್ಟ್ ಹಿಡಿದುಕೊಂಡು ನನ್ನಲ್ಲಿಗೆ ಬಂದಿದ್ದರು.

“ಮೇಡಂ, ಅಮ್ಮನಿಗೆ ಬ್ಯಾಕ್ಟೀರಿಯಾ ಒಂದು ಲಕ್ಷಕ್ಕಿಂತ ಜಾಸ್ತಿ ಅಂತ ನೀವೇ ಬರೆದಿದ್ದೀರಿ. ಡಾಕ್ಟ್ರು ನೋಡಿದರೆ ಮದ್ದೇ ಕೊಡಲಿಲ್ಲ. ನಾವು ಎಂತ ಮಾಡುವುದು?”

“ಅಮ್ಮನಿಗೆ ಉರಿ ಉಂಟಾ? ಜ್ವರ, ಸೊಂಟದ ಹತ್ತಿರ ನೋವು?”

“ಇಲ್ಲ, ಎಂತದೂ ಇಲ್ಲ. ಶುಗರ್ ಚೆಕ್ ಮಾಡಿಸಲಿಕ್ಕೆ ಹೋದಾಗ ಎಲ್ಲ ಟೆಸ್ಟೂ ಒಟ್ಟಿಗೆ ಬರೆಸಿದ್ದು.”

ವಯಸ್ಸಾದ ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯಿರುವವರಲ್ಲಿ, ಯಾವ ತೊಂದರೆಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ನೆಲೆಸಿರುವುದು ತೀರಾ ಸಾಮಾನ್ಯ. ಕ್ಯಾಥೆಟರ್ (ಮೂತ್ರ ಹೊರಹೋಗಲು ಇಡುವ ಕೊಳವೆ) ಹಾಕಿ ಒಂದು ತಿಂಗಳಾದವರಲ್ಲಂತೂ ಬಹುತೇಕ ಎಲ್ಲರಲ್ಲೂ ಅದು ಇರುತ್ತದೆ. ಗರ್ಭಿಣಿಯರಲ್ಲಿ ಮತ್ತು ಮೂತ್ರಾಂಗಗಳ ಒಳಪದರಕ್ಕೆ ಗಾಯವಾಗಬಹುದಾದ ಶಸ್ತ್ರಚಿಕಿತ್ಸೆಗೆ ಮುಂಚೆ ಇದಕ್ಕೆ ಚಿಕಿತ್ಸೆ ಕೊಡಲೇಬೇಕು. ಉಳಿದ ಬಹುಪಾಲು ಜನರಲ್ಲಿ ಕೊಟ್ಟರೆ ಲಾಭವಿಲ್ಲ, ಮುಂದಿನ ಸಲ ಮದ್ದಿಗೆ ಬಗ್ಗದ ತಳಿ ಬಂದು ಕೂರುತ್ತದೆ. ಆ ತಾಯಿಗೆ ಮದ್ದು ಬರೆಯದ ವೈದ್ಯರು ಮಾಡಿದ್ದೇ ಸರಿ ಎಂದು ಮಗನಿಗೆ ತಿಳಿಸಿ ಕಳುಹಿಸಿದೆ. ಅವರ ಗೊಂದಲಕ್ಕೆ ರಿಪೋರ್ಟಿನ ರೂಪವೇ ಕಾರಣ ಎಂದು ನನ್ನ ಅಭಿಪ್ರಾಯ. ಹದಿನೈದು ಆಂಟಿಬಯೋಟಿಕ್‌ಗಳ ಹೆಸರನ್ನು ಸಾಲಾಗಿ ಅಚ್ಚು ಹಾಕಿ ಕೊಟ್ಟರೆ, ಓದುವವರಿಗೆ ಅದು ಮದ್ದಿನ ಚೀಟಿಯಂತೆಯೇ ಕಾಣುತ್ತದೆ. ಆದ್ದರಿಂದ ನಾವು ಎರಡು ಪದ್ಧತಿ ಹಿಡಿದಿದ್ದೇವೆ. ಸರಳವಾದ ಮೂತ್ರದ ಸೋಂಕಿಗೆ ನೈಟ್ರೋಫುರಾಂಟೋಯಿನ್, ಫಾಸ್ಫೋಮೈಸಿನ್ ಮುಂತಾದವು ನಾಟುತ್ತವೆಂದಾದರೆ ಮೆರೋಪೆನೆಮ್‌ನಂಥ ದೊಡ್ಡ ಇಂಜೆಕ್ಷನ್‌ಗಳ ಫಲಿತಾಂಶವನ್ನು ಕೇಳಿದವರಿಗೆ ಮಾತ್ರ ಕೊಡುತ್ತೇವೆ. ಜೊತೆಗೆ, ರೋಗಿಗೆ ತೊಂದರೆಯಿಲ್ಲದಿದ್ದರೆ ಈ ಬೆಳವಣಿಗೆಗೆ ಚಿಕಿತ್ಸೆ ಅಗತ್ಯವಿಲ್ಲದಿರಬಹುದು ಎಂಬ ಒಂದು ಸಾಲನ್ನು ರಿಪೋರ್ಟಿನ ಕೆಳಗೆ ಬರೆಯುತ್ತೇವೆ.

ಮೂಗು, ಗಂಟಲಿನ ಸ್ವಾಬ್‌ಗಳ ವಿಷಯ ಬೇಗ ಮುಗಿಯುತ್ತದೆ. ಆರೋಗ್ಯವಂತರಲ್ಲೂ ಶೇಕಡಾ 20ರಿಂದ 30ರಷ್ಟು ಜನರ ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಉದ್ದೇಶವಿಟ್ಟು ಹುಡುಕಿದ ಹೊರತು ಅದನ್ನು ಬರೆದು ಯಾರನ್ನೂ ಹೆದರಿಸಬೇಕಾಗಿಲ್ಲ. ರಕ್ತದ ಕಲ್ಚರ್ ಮಾತ್ರ ಬೇರೆ. ರಕ್ತದಲ್ಲಿ ಯಾರಿಗೂ ಕಾಯಂ ವಾಸವಿಲ್ಲ, ಆದರೆ ಸೂಜಿ ಚುಚ್ಚುವಾಗ ಚರ್ಮದ ಬ್ಯಾಕ್ಟೀರಿಯಾ ಬಾಟಲಿಗೆ ಸೇರಿಕೊಳ್ಳಬಹುದು. ಎರಡು ಕೈಗಳಿಂದ ಬೇರೆಬೇರೆಯಾಗಿ ತೆಗೆದ ಬಾಟಲಿಗಳಲ್ಲಿ ಒಂದರಲ್ಲಷ್ಟೇ, ಅದೂ ತಡವಾಗಿ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಬೆಳೆದರೆ ಅದು ಹೆಚ್ಚಾಗಿ ಚರ್ಮದ್ದು. ಅದೇ ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರ ಎಲ್ಲ ಬಾಟಲಿಗಳಲ್ಲೂ ಬಂದರೆ ಕೂಡಲೇ ವಾರ್ಡಿಗೆ ಫೋನ್ ಮಾಡುತ್ತೇನೆ. ಬಾಯಿಯಲ್ಲಿ ಸದಾ ಇರುವ ವಿರಿಡಾನ್ಸ್ ಸ್ಟ್ರೆಪ್ಟೊಕಾಕಸ್ ಕೂಡ ಹಾಗೆಯೇ. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರ ರಕ್ತದಲ್ಲಿ ಅದು ಮತ್ತೆ ಮತ್ತೆ ಸಿಕ್ಕಿದರೆ ಹೃದಯದ ಒಳಪದರದ ಸೋಂಕನ್ನು ಮೊದಲು ಶಂಕಿಸಬೇಕು.

ಇದೆಲ್ಲ ದೇಹದ ನಿವಾಸಿಗಳ ಕಥೆ. ನಮ್ಮೂರಿನ ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧವಾದ ಎಚ್ಚರಿಕೆಯೊಂದು ಬೇಕು. ಬರ್ಕ್‌ಹೋಲ್ಡೇರಿಯ ಸ್ಯೂಡೋಮಲ್ಲೈ ಎಂಬ ಬ್ಯಾಕ್ಟೀರಿಯಾ ಮಣ್ಣು, ಕೆಸರು ನೀರಿನಲ್ಲಿ ಇರುವಂಥದ್ದು. ಮೆಲಿಯಾಯ್ಡೋಸಿಸ್ ಎಂಬ ರೋಗ ತರುತ್ತದೆ. ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ 1912ರಲ್ಲಿ ಇದನ್ನು ವರದಿ ಮಾಡಿದ್ದರು. ಉಡುಪಿ, ದಕ್ಷಿಣ ಕನ್ನಡದಲ್ಲಿ ಈ ರೋಗ ಇರುವುದನ್ನು ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನವರು ವರ್ಷಗಳಿಂದ ಪ್ರಕಟಿಸುತ್ತ ಬಂದಿದ್ದಾರೆ. ಹೆಚ್ಚಾಗಿ ಸಕ್ಕರೆ ಕಾಯಿಲೆ ಇರುವವರಿಗೆ, ಗದ್ದೆ ತೋಟದ ಕೆಲಸ ಮಾಡುವವರಿಗೆ ನ್ಯುಮೋನಿಯಾವಾಗಿಯೋ, ಯಕೃತ್ತು, ಗುಲ್ಮದ ಕೀವುಗಡ್ಡೆಯಾಗಿಯೋ ಬರುತ್ತದೆ. ಕಫದ ಪ್ಲೇಟಿನಲ್ಲಿ ಬಾಯಿಯ ಸಾಮಾನ್ಯ ಬ್ಯಾಕ್ಟೀರಿಯಾಗಳ ನಡುವೆ ಇದು ಮೊದಲ ದಿನ ಚುಕ್ಕೆಯಷ್ಟೇ ಇರುತ್ತದೆ. ಎರಡು ಮೂರು ದಿನ ಬಿಟ್ಟರೆ ಒಣಗಿ ಸುಕ್ಕುಗಟ್ಟಿದ ಕಾಲನಿಯಾಗುತ್ತದೆ. 24 ಗಂಟೆಗೆ ಪ್ಲೇಟು ಬಿಸಾಡುವ ಪ್ರಯೋಗಾಲಯಕ್ಕೆ ಇದು ಕಾಣುವುದೇ ಇಲ್ಲ, ಕಂಡರೂ ಸ್ಯೂಡೋಮೊನಾಸ್ ಎಂಬ ಬೇರೊಂದು ಬ್ಯಾಕ್ಟೀರಿಯಾದ ಹೆಸರಿಟ್ಟು ಮುಗಿಸಿಬಿಡುತ್ತಾರೆ. ಜೂನಿನಿಂದ ಅಕ್ಟೋಬರಿನವರೆಗೆ ಕಫ ಮತ್ತು ಕೀವಿನ ಪ್ಲೇಟುಗಳನ್ನು ನಾನು ಹೆಚ್ಚು ದಿನ ಇಡಿಸುತ್ತೇನೆ. ಆಕ್ಸಿಡೇಸ್ ಎಂಬ ಪರೀಕ್ಷೆಯಲ್ಲಿ ಪಾಸಿಟಿವ್ ಆಗಿ, ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ಎಂಬ ಎರಡು ಆಂಟಿಬಯೋಟಿಕ್ಕಿಗೂ ಬಗ್ಗದೆ, ಕೋ ಅಮಾಕ್ಸಿಕ್ಲಾವ್‌ಗೆ ಬಗ್ಗುವ ಗ್ರಾಮ್ ನೆಗೆಟಿವ್ ಬ್ಯಾಸಿಲಸ್ (ಕಡ್ಡಿಯಾಕಾರದ ಬ್ಯಾಕ್ಟೀರಿಯಾ) ಸಿಕ್ಕಿದರೆ ಆ ಪ್ಲೇಟು ಸೇಫ್ಟಿ ಕ್ಯಾಬಿನೆಟ್ಟಿನೊಳಗೆ ಹೋಗಬೇಕು. ಮಣ್ಣಿನ ವಾಸನೆ ಬರುತ್ತದೆಂದು ಪುಸ್ತಕದಲ್ಲಿ ಓದಿದ ಹೊಸ ಹುಡುಗರು ಮುಚ್ಚಳ ತೆರೆದು ಮೂಸಲು ಹೋಗುತ್ತಾರೆ. ಅದಕ್ಕೆ ನಮ್ಮಲ್ಲಿ ಸಂಪೂರ್ಣ ನಿಷೇಧವಿದೆ. ಇಲ್ಲಿ ಸಂಖ್ಯೆಯ ಲೆಕ್ಕವಿಲ್ಲ, ಒಂದೇ ಕಾಲನಿ ಸಿಕ್ಕಿದರೂ ರೋಗವೇ. ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್ ಇಂಜೆಕ್ಷನ್ ಕನಿಷ್ಠ ಹತ್ತು ಹದಿನಾಲ್ಕು ದಿನ, ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಕನಿಷ್ಠ ಮೂರು ತಿಂಗಳು ನಡೆಯಬೇಕಾಗುತ್ತದೆ.

ಪ್ಲೇಟು ಬೇಗ ಬಿಸಾಡಬಾರದೆಂಬುದಕ್ಕೆ ಆಸ್ಟ್ರೇಲಿಯದ ಪರ್ತ್ ನಗರದ ಪ್ರಸಂಗವನ್ನು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ರೋಗಿಗಳ ಹೊಟ್ಟೆಯಿಂದ ತೆಗೆದ ಸ್ಯಾಂಪಲ್‌ಗಳನ್ನು ಎರಡು ದಿನಕ್ಕೆ ನೋಡಿ ಎಸೆಯಲಾಗುತ್ತಿತ್ತು. 1982ರ ಈಸ್ಟರ್ ರಜೆಯಲ್ಲಿ ಪ್ಲೇಟುಗಳು ಇನ್‌ಕ್ಯುಬೇಟರಿನಲ್ಲೇ ಉಳಿದುಹೋದಾಗ ಹೆಲಿಕೊಬ್ಯಾಕ್ಟರ್ ಪೈಲೋರಿ ಬೆಳೆದು ಕಾಣಿಸಿತು; 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೊಟ್ಟೆಯ ಹುಣ್ಣಿಗೆ ಕಾರಣವಾಗುವ ಈ ಬ್ಯಾಕ್ಟೀರಿಯಾವೂ ಹೊತ್ತವರಲ್ಲೆಲ್ಲ ಹುಣ್ಣು ಮಾಡುವುದಿಲ್ಲ, ಕೆಲವರಲ್ಲಿ ಮಾತ್ರ.

ಕರುಳಿನ ವಿಷಯಕ್ಕೆ ಬಂದರೆ ನನ್ನ ಪ್ಲೇಟುಗಳ ಮಿತಿ ತಿಳಿಯುತ್ತದೆ. ಅಲ್ಲಿನ ಬಹುಪಾಲು ಬ್ಯಾಕ್ಟೀರಿಯಾಗಳು ಆಮ್ಲಜನಕ ತಾಗಿದರೆ ಬದುಕುವುದಿಲ್ಲವಾದ್ದರಿಂದ ನಮ್ಮ ಸಾಮಾನ್ಯ ಪ್ಲೇಟಿನ ಮೇಲೆ ಬೆಳೆಯುವುದೇ ಇಲ್ಲ. ಅವು ಇದ್ದದ್ದು ಗೊತ್ತಾಗುವುದು ಅವು ಇಲ್ಲದಾದಾಗ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾವನ್ನು 1935ರಲ್ಲಿ ಮೊದಲು ಕಂಡದ್ದು ಆರೋಗ್ಯವಂತ ನವಜಾತ ಶಿಶುಗಳ ಮಲದಲ್ಲಿ; ಆಂಟಿಬಯೋಟಿಕ್ ತೆಗೆದುಕೊಂಡವರಿಗೆ ಬರುವ ಗಂಭೀರ ಭೇದಿಗೆ ಅದೇ ಕಾರಣವೆಂದು ತಿಳಿದದ್ದು 1978ರ ಹೊತ್ತಿಗೆ. ಕರುಳಿನ ಬ್ಯಾಕ್ಟೀರಿಯಾಗಳು ಪಿತ್ತದ ಆಮ್ಲಗಳನ್ನು ಮಾರ್ಪಡಿಸುತ್ತವೆ, ಹಾಗೆ ಮಾರ್ಪಟ್ಟ ಆಮ್ಲಗಳು ಡಿಫಿಸಿಲ್ ಬೆಳೆಯದಂತೆ ತಡೆಯುತ್ತವೆ. ಆಂಟಿಬಯೋಟಿಕ್ ಆ ನಿವಾಸಿಗಳನ್ನು ಒರೆಸಿಹಾಕಿದಾಗ ಆ ತಡೆ ಹೋಗಿ, ಡಿಫಿಸಿಲ್ ಬೆಳೆದು ವಿಷ ಸ್ರವಿಸುತ್ತದೆ.

ಆದ್ದರಿಂದ ಈ ಪರೀಕ್ಷೆಗೆ ನಮ್ಮಲ್ಲಿ ಕಟ್ಟುನಿಟ್ಟಿದೆ. ಡಬ್ಬಿಯ ಆಕಾರಕ್ಕೆ ಹೊಂದಿಕೊಳ್ಳುವಷ್ಟು ತೆಳ್ಳಗಿನ ಮಲವನ್ನು ಮಾತ್ರ ತೆಗೆದುಕೊಳ್ಳುತ್ತೇವೆ, ಗಟ್ಟಿಯಿದ್ದರೆ ವಾಪಸ್. ಒಂದು ವರ್ಷದೊಳಗಿನ ಮಕ್ಕಳದ್ದನ್ನು ಮಾಡುವುದಿಲ್ಲ, ಗುಣವಾಯಿತೇ ಎಂದು ತಿಳಿಯಲು ಮತ್ತೆ ಮಾಡುವುದೂ ಇಲ್ಲ, ಏಕೆಂದರೆ ಭೇದಿ ನಿಂತ ಮೇಲೂ ಅದು ವಾರಗಟ್ಟಲೆ ಪಾಸಿಟಿವ್ ಬರಬಹುದು. ಪಾಸಿಟಿವ್ ಬಂದ ದಿನ ವಾರ್ಡಿನ ಸಿಸ್ಟರ್‌ಗೆ ಹೇಳುವ ಮೊದಲ ಮಾತು, ಸ್ಯಾನಿಟೈಸರ್ ಸಾಲದು, ಸೋಪು ನೀರಿನಲ್ಲಿ ಕೈ ತೊಳೆಯಿರಿ ಎಂದು. ಈ ಬ್ಯಾಕ್ಟೀರಿಯಾದ ಸ್ಪೋರ್‌ಗಳು (ಗಟ್ಟಿ ಕವಚದೊಳಗಿನ ಸುಪ್ತ ರೂಪಗಳು) ಆಲ್ಕೋಹಾಲಿಗೆ ಸಾಯುವುದಿಲ್ಲ. ಮತ್ತೆ ಮತ್ತೆ ಮರುಕಳಿಸುವವರಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಕರುಳಿಗೆ ಸೇರಿಸುವ ಚಿಕಿತ್ಸೆಯಿದೆ. 2013ರಲ್ಲಿ ನೆದರ್ಲೆಂಡ್ಸಿನ ಪ್ರಯೋಗದಲ್ಲಿ ಅದನ್ನು ಪಡೆದ 16 ಮಂದಿಯಲ್ಲಿ 13 ಮಂದಿ ಒಂದೇ ಸಲಕ್ಕೆ, ಇನ್ನಿಬ್ಬರು ಎರಡನೇ ಸಲಕ್ಕೆ ಗುಣವಾದರು. ವ್ಯಾಂಕೋಮೈಸಿನ್ ಎಂಬ ಆಂಟಿಬಯೋಟಿಕ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ಕೇಳಲು ಹೇಸಿಗೆಯೆನಿಸಿದರೂ ಕರುಳಿನ ನಿವಾಸಿಗಳ ಬೆಲೆಯನ್ನು ಇಷ್ಟು ನೇರವಾಗಿ ತೋರಿಸಿದ ಪ್ರಯೋಗ ನನಗೆ ಬೇರೊಂದು ಗೊತ್ತಿಲ್ಲ.

ಇದನ್ನು ಕೇಳಿದವರು ಮುಂದೆ ಕೇಳುವುದು ಆಹಾರದ ಬಗ್ಗೆ, ಮನೆಗೇ ಡಬ್ಬಿ ಕಳುಹಿಸಿ ಮಲದ ಡಿಎನ್‌ಎ ಓದಿಸಿಕೊಡುವ ದುಬಾರಿ ಟೆಸ್ಟ್‌ಗಳ ಬಗ್ಗೆ. ಟೆಸ್ಟ್ ಮಾಡಿಸಬೇಡಿ ಎನ್ನುತ್ತೇನೆ. ಯಾವ ಬ್ಯಾಕ್ಟೀರಿಯಾ ಎಷ್ಟಿದ್ದರೆ ಸರಿ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇನ್ನೂ ಇಲ್ಲದಿರುವಾಗ ‘ಹೆಚ್ಚು’, ‘ಕಡಿಮೆ’ ಎಂದು ಕೆಂಪು ಹಸಿರಿನಲ್ಲಿ ಅಚ್ಚು ಮಾಡಿದ ಆ ಪುಟಗಳನ್ನು ಓದುವುದು ನನಗೂ ಸಾಧ್ಯವಿಲ್ಲ. ಆಹಾರದ ವಿಷಯದಲ್ಲಿ ಹೇಳಬಹುದಾದದ್ದು ಇಷ್ಟು: ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುವ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಮುಂತಾದ ಆಮ್ಲಗಳಾಗಿ ಒಡೆಯುತ್ತವೆ, ಕರುಳಿನ ಒಳಪದರದ ಕೋಶಗಳು ಮುಖ್ಯವಾಗಿ ಅದರಿಂದಲೇ ಶಕ್ತಿ ಪಡೆಯುತ್ತವೆ. ನಮ್ಮ ಹುರುಳಿ, ಬಸಳೆ, ತೊಂಡೆಕಾಯಿಗಳಲ್ಲಿ ಆ ನಾರು ಧಾರಾಳವಾಗಿದೆ.

ಪ್ರಯೋಗಾಲಯದೊಳಗೆ ನಾನು ಮಾಡಬಹುದಾಗಿದ್ದ ಬದಲಾವಣೆ ಸಣ್ಣದು. ಸ್ಯಾಂಪಲ್ ಜೊತೆಗೆ ಬರುವ ಫಾರಂನಲ್ಲಿ ವಯಸ್ಸು, ವಾರ್ಡು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ; ಈಗ ತೊಂದರೆಗಳೇನು, ಕ್ಯಾಥೆಟರ್ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಕಳೆದ ಮೂರು ತಿಂಗಳಲ್ಲಿ ಯಾವ ಆಂಟಿಬಯೋಟಿಕ್ ತೆಗೆದುಕೊಂಡಿದ್ದಾರೆ ಎಂಬ ಜಾಗಗಳನ್ನು ಸೇರಿಸಿದ್ದೇವೆ. ಕೊನೆಯ ಜಾಗ ಈಗಲೂ ಹೆಚ್ಚಾಗಿ ಖಾಲಿಯೇ ಬರುತ್ತದೆ, ಆಗ ಟೆಕ್ನಿಷಿಯನ್ ವಾರ್ಡಿಗೆ ಫೋನ್ ಮಾಡಿ ಕೇಳಿ ತುಂಬಿದ ಮೇಲೆಯೇ ಪ್ಲೇಟು ನನ್ನ ಮೇಜಿಗೆ ಬರುತ್ತದೆ.